ಡಬ್ಬಿಯ ಮೇಲಿನ ನಂಬರು

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಒಂದು ಮನೆಯ ಗರಾಜ್. ಕಾರು 1999ರ ಮಜ್ದಾ ಮಿಯಾಟಾ: ಎರಡೇ ಸೀಟು, 1.8 ಲೀಟರ್ ಎಂಜಿನ್, ಐದು ಗೇರಿನ ಮ್ಯಾನ್ಯುಯಲ್ ಗೇರ್‌ಬಾಕ್ಸ್, ಹಿಂದೆ ಟಾರ್ಸೆನ್ ಬಗೆಯ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಕಾರಿನ ಒಡತಿ ಅಲ್ಲೇ ಎಂಜಿನಿಯರ್. ಜೊತೆಯಲ್ಲಿರುವವರು ಬೆಂಗಳೂರಿನಲ್ಲಿ ಬಹುಕಾಲ ವರ್ಕ್‌ಷಾಪ್ ನಡೆಸಿದ ಚಿಕ್ಕಪ್ಪ. ಅಣ್ಣನ ಮಗಳ ಮನೆಗೆ ಬೇಸಿಗೆ ಕಳೆಯಲು ಬಂದವರು.

ಚಿಕ್ಕಪ್ಪ: ಇಷ್ಟು ಚಿಕ್ಕ ಕಾರಿಗೆ ಇಷ್ಟೊಂದು ಡಬ್ಬಿ ಯಾಕಮ್ಮ? ಗೇರ್‌ಬಾಕ್ಸ್‌ಗೆ ಎರಡು ಲೀಟರ್, ಡಿಫರೆನ್ಷಿಯಲ್‌ಗೆ ಒಂದು ಲೀಟರ್. ಎರಡರ ಮೇಲೂ 75ಡಬ್ಲ್ಯು-90 ಅಂತಲೇ ಇದೆ. ಒಂದೇ ಆಯಿಲ್ ಮೂರು ಲೀಟರ್ ತಂದಿದ್ರೆ ಆಗ್ತಿರಲಿಲ್ವಾ?

ಹುಡುಗಿ: ಆ ನಂಬರ್ ಒಂದೇ. ಅದರ ಕೆಳಗಿನ ದರ್ಜೆ ನೋಡಿ. ಒಂದರ ಮೇಲೆ ಜಿಎಲ್-4, ಇನ್ನೊಂದರ ಮೇಲೆ ಜಿಎಲ್-5.

ಚಿಕ್ಕಪ್ಪ: ಕಾರಿನ ಪುಸ್ತಕ ಏನು ಹೇಳುತ್ತೆ?

ಹುಡುಗಿ: ಗೇರ್‌ಬಾಕ್ಸ್‌ಗೆ ಜಿಎಲ್-4 ಅಥವಾ ಜಿಎಲ್-5. ಡಿಫರೆನ್ಷಿಯಲ್‌ಗೆ ಜಿಎಲ್-5.

ಚಿಕ್ಕಪ್ಪ: ಅಂದ್ರೆ ಪುಸ್ತಕದ ಪ್ರಕಾರ ಜಿಎಲ್-5 ಎರಡಕ್ಕೂ ನಡೆಯುತ್ತೆ. ಕಂಪನಿಯವರಿಗೆ ಇಲ್ಲದ ಬಿಗಿ ನಿನಗ್ಯಾಕೆ?

ಹುಡುಗಿ: ಬೆಳಿಗ್ಗೆ ನೀವೇ ಓಡಿಸಿದ್ರಲ್ಲ, ಒಂದರಿಂದ ಎರಡಕ್ಕೆ ಹಾಕುವಾಗ ಏನಾಯ್ತು?

ಚಿಕ್ಕಪ್ಪ: ಮೊದಲು ಲಿವರ್ ತಡೆದು ನಿಂತಿತು, ಒತ್ತಿದ್ದಕ್ಕೆ ಕರ್ ಅಂತು. ಒಂದೆರಡು ಮೈಲಿ ಹೋದ ಮೇಲೆ ಸರಿಹೋಯ್ತು. ಆದರೆ ಅದು ಆಯಿಲ್‌ದೇ ತಪ್ಪು ಅಂತ ಹೇಗೆ ಹೇಳ್ತೀಯ? ಇಪ್ಪತ್ತೈದು ವರ್ಷ ದಾಟಿದ ಗಾಡಿ, ಸಿಂಕ್ರೋ ರಿಂಗ್ ಸವೆದಿರಬಹುದು.

ಹುಡುಗಿ: ರಿಂಗ್ ಪೂರ್ತಿ ಸವೆದಿದ್ರೆ ಬಿಸಿಯಾದ ಮೇಲೂ ಕಾಟ ಕೊಡಬೇಕಿತ್ತು. ಈ ಕಾರಿನ ಎರಡನೇ ಗೇರು ತಣ್ಣಗಿದ್ದಾಗ ಹಟ ಮಾಡೋದು ಇದನ್ನು ಇಟ್ಟುಕೊಂಡಿರೋರಿಗೆಲ್ಲ ಗೊತ್ತಿರೋ ವಿಷಯ. ಹಿಂದಿನ ಮಾಲೀಕರು ಇದಕ್ಕೆ ಜಿಎಲ್-5 ಹಾಕಿಸಿದ್ದಾರೆ, ರಸೀದಿ ಇದೆ. ಅದನ್ನು ಬದಲಾಯಿಸಿ ನೋಡೋದಕ್ಕೆ ಎರಡು ಲೀಟರ್ ಆಯಿಲಿನ ಖರ್ಚು. ಗೇರ್‌ಬಾಕ್ಸ್ ಇಳಿಸಿ ರಿಂಗ್ ಹಾಕೋದಕ್ಕೆ ಎಷ್ಟು ಅಂತ ನಿಮಗೇ ಗೊತ್ತು.

ಚಿಕ್ಕಪ್ಪ: ಹೌದು, ಅಗ್ಗದ ಕೆಲಸ ಮೊದಲು ಮಾಡಬೇಕು. ಸರಿ. ಸಿಂಕ್ರೋ ರಿಂಗನ್ನು ನೀನು ಕೈಯಲ್ಲಿ ಹಿಡಿದು ನೋಡಿದ್ದೀಯಾ?

ಹುಡುಗಿ: ಚಿತ್ರದಲ್ಲಿ ನೋಡಿದೀನಿ.

ಚಿಕ್ಕಪ್ಪ: ಅಂಗೈಯಗಲದ ಹಿತ್ತಾಳೆ ಉಂಗುರ. ಹೊರಗೆ ಚೂಪು ಹಲ್ಲು, ಒಳಮೈ ಓರೆಯಾಗಿರುತ್ತೆ. ಆ ಓರೆಯ ಮೇಲೆ ಸಣ್ಣ ಸಣ್ಣ ಗೆರೆ ಕೊರೆದಿರ್ತಾರೆ, ಉಗುರು ಆಡಿಸಿದ್ರೆ ತರತರ ಅನ್ನುತ್ತೆ. ಹಳೇ ರಿಂಗಿನಲ್ಲಿ ಆ ಗೆರೆಗಳ ನೆತ್ತಿ ಸವೆದು ಹೊಳಪು ಬಂದಿರುತ್ತೆ, ಉಗುರು ಜಾರಿಹೋಗುತ್ತೆ. ಗೇರಿನ ಕೋನ್ ಮೇಲೆ ರಿಂಗ್ ಕೂರಿಸಿ, ಎರಡರ ನಡುವಿನ ಸಂದಿಗೆ ಫೀಲರ್ ಗೇಜ್ ಹಾಕಿ ನೋಡ್ತೀವಿ. ಸಂದಿ ಕಮ್ಮಿಯಾಗಿದ್ರೆ ರಿಂಗ್ ಮುಗೀತು ಅಂತ. ಆ ಗೆರೆ ಯಾಕಿದೆ ಗೊತ್ತಾ? ಆಯಿಲನ್ನು ಪಕ್ಕಕ್ಕೆ ತಳ್ಳೋಕೆ. ಆಯಿಲ್ ಸರಿದರೆ ತಾನೇ ಲೋಹ ಲೋಹಕ್ಕೆ ಉಜ್ಜೋದು? ಹಾಗೆ ಉಜ್ಜಿ ಎರಡರ ವೇಗ ಒಂದಾದ ಮೇಲೆ ಹಲ್ಲು ಹಲ್ಲಿಗೆ ಕೂರುತ್ತೆ. ಓಡ್ತಿರೋ ಬಸ್ ಹತ್ತೋನು ಬಸ್ಸಿನ ಜೊತೆಗೇ ನಾಲ್ಕು ಹೆಜ್ಜೆ ಓಡಿ ಫುಟ್‌ಬೋರ್ಡಿಗೆ ಕಾಲಿಡ್ತಾನಲ್ಲ, ಅದೇ ಕೆಲಸ.

ಹುಡುಗಿ: ನಾನು ಹೇಳಬೇಕಾದ್ದನ್ನು ನೀವೇ ಹೇಳಿಬಿಟ್ರಿ. ಗೇರ್‌ಬಾಕ್ಸ್ ಒಳಗೆ ಬೇರಿಂಗಿಗೂ ಹಲ್ಲಿಗೂ ಜಾರಿಕೆ ಬೇಕು, ಆದರೆ ಈ ಉಂಗುರಕ್ಕೆ ಹಿಡಿತ ಬೇಕು. ಎರಡನ್ನೂ ಒಂದೇ ಆಯಿಲ್ ಕೊಡಬೇಕು. ಜಿಎಲ್-5ರಲ್ಲಿ ಗಂಧಕ, ರಂಜಕದ ಇಪಿ, ಅಂದ್ರೆ ಅತಿ ಒತ್ತಡ ತಡೆಯೋ, ರಾಸಾಯನಿಕಗಳು ಜಿಎಲ್-4ಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು. ಒತ್ತಡ ಬಿದ್ದ ಕಡೆಯೆಲ್ಲ ಅವು ಒಂದು ಪದರ ಕಟ್ಟುತ್ತವೆ. ಡಿಫರೆನ್ಷಿಯಲ್ ಹಲ್ಲಿಗೆ ಆ ಪದರವೇ ಪ್ರಾಣ. ಸಿಂಕ್ರೋಗೆ ಅದೇ ಪದರ ಅಡ್ಡಿ, ಹಿಡಿಯಬೇಕಾದ ರಿಂಗು ಜಾರ್ತಾ ಹೋಗುತ್ತೆ, ವೇಗ ಒಂದಾಗೋದು ತಡವಾಗುತ್ತೆ. ಅಷ್ಟರಲ್ಲಿ ನಾವು ಲಿವರ್ ಒತ್ತಿರ್ತೀವಿ.

ಚಿಕ್ಕಪ್ಪ: ನಮ್ಮ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಇದಕ್ಕೆ ಬೇರೆ ಕಾರಣ ಹೇಳ್ತಾರೆ. ಜಿಎಲ್-5 ಹಿತ್ತಾಳೆಯನ್ನು ತಿಂದುಹಾಕುತ್ತೆ ಅಂತ.

ಹುಡುಗಿ: ಅದರಲ್ಲಿ ಅರ್ಧ ಸತ್ಯ ಇದೆ. ಗಂಧಕಕ್ಕೂ ತಾಮ್ರಕ್ಕೂ ಆಗಿಬರಲ್ಲ, ಹಿತ್ತಾಳೆ, ಕಂಚು ಎರಡರಲ್ಲೂ ತಾಮ್ರವೇ ಹೆಚ್ಚು. ಹಳೇ ಕಾಲದ ಆಯಿಲ್‌ಗಳಲ್ಲಿದ್ದ ಗಂಧಕ ಬಿಸಿಯಾದಾಗ ನಿಜವಾಗಿಯೂ ತಾಮ್ರವನ್ನು ಕಪ್ಪು ಮಾಡ್ತಿತ್ತು. ಇದನ್ನು ಅಳೆಯೋಕೆ ಒಂದು ಪರೀಕ್ಷೆಯಿದೆ, ಎಎಸ್‌ಟಿಎಂ ಡಿ130. ಉಜ್ಜಿ ಬೆಳಗಿದ ತಾಮ್ರದ ಪಟ್ಟಿಯನ್ನು ಆಯಿಲಿನಲ್ಲಿ ಮುಳುಗಿಸ್ತಾರೆ. ಗೇರ್ ಆಯಿಲ್ ಆದ್ರೆ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ಗಂಟೆ. ಆಚೆ ತೆಗೆದು ಬಣ್ಣ ನೋಡ್ತಾರೆ. 1ಎ ಅಂದ್ರೆ ಹೆಚ್ಚುಕಮ್ಮಿ ಬೆಳಗಿದ ತಾಮ್ರವೇ. 4ಸಿ ಅಂದ್ರೆ ಕಡುಗಪ್ಪು. ಈಗಿನ ಒಳ್ಳೆಯ ಜಿಎಲ್-5 ಆಯಿಲ್‌ಗಳಲ್ಲಿ ಎಷ್ಟೋ 1ರ ದರ್ಜೆಯಲ್ಲೇ ಪಾಸಾಗುತ್ತವೆ. ಹಾಗಾಗಿ ತಿಂದುಹಾಕುತ್ತೆ ಅನ್ನೋ ಭಯ ಈಗ ಅಷ್ಟಿಲ್ಲ. ಜಾರಿಸುತ್ತೆ ಅನ್ನೋದು ಮಾತ್ರ ಹಾಗೇ ಇದೆ. ಪುಸ್ತಕ ಎರಡಕ್ಕೂ ಒಪ್ಪಿಗೆ ಕೊಟ್ಟಿರೋದು ಕೆಡಲ್ಲ ಅನ್ನೋ ಅರ್ಥದಲ್ಲಿ. ನನಗೆ ಬೇಕಿರೋದು ಅಷ್ಟೇ ಅಲ್ಲ, ಗೇರು ಚೆನ್ನಾಗಿ ಬೀಳಬೇಕು. ಈ ಕಾರನ್ನು ಇಟ್ಟುಕೊಳ್ಳೋದೇ ಆ ಲಿವರಿನ ಖುಷಿಗೆ.

ಚಿಕ್ಕಪ್ಪ: ಗಿರಾಕಿಗಳಿಗೆ ಇದನ್ನು ಅರ್ಥ ಮಾಡಿಸೋದೇ ಕಷ್ಟ. ಐದು ಇದ್ರೆ ನಾಲ್ಕು ಯಾಕೆ ಹಾಕ್ತೀರಿ ಅಂತ ಕೇಳ್ತಾರೆ. ಎಂಜಿನ್ ಆಯಿಲ್‌ನಲ್ಲಿ ಹೊಸ ದರ್ಜೆ ಬಂದ್ರೆ ಹಳೇದು ಕೆಳಗಾಗುತ್ತಲ್ಲ, ಇದೂ ಹಾಗೇ ಅಂದ್ಕೊಳ್ತಾರೆ.

ಹುಡುಗಿ: ಇದು ಮೇಲು ಕೀಳಿನ ನಂಬರ್ ಅಲ್ಲವೇ ಅಲ್ಲ, ಬೇರೆ ಬೇರೆ ಕೆಲಸದ ನಂಬರ್. ಜಿಎಲ್-6 ಅಂತಲೂ ಒಂದಿತ್ತು. ಅದನ್ನು ಪರೀಕ್ಷೆ ಮಾಡೋ ಯಂತ್ರವೇ ಈಗ ಸಿಗಲ್ಲ, ಆ ದರ್ಜೆ ಬಳಕೆಯಿಂದ ಹೋಗಿಬಿಟ್ಟಿದೆ. ದೊಡ್ಡ ನಂಬರೇ ಒಳ್ಳೇದು ಅನ್ನೋರು ಅದನ್ನು ಹುಡುಕಬೇಕಾಗುತ್ತೆ.

ಚಿಕ್ಕಪ್ಪ: ಡಿಫರೆನ್ಷಿಯಲ್‌ಗೆ ಮಾತ್ರ ಜಿಎಲ್-4 ಹಾಕಕೂಡದು. ಅದರಲ್ಲಿ ನನಗೆ ಅನುಮಾನ ಇಲ್ಲ. ಅಂಬಾಸಡರ್ ಹಿಂದಿನ ಹೌಸಿಂಗ್ ಬಿಚ್ಚಿ ಕ್ರೌನ್, ಪಿನಿಯನ್ ಕೂರಿಸುವಾಗ ಹಲ್ಲಿಗೆ ನೀಲಿ ಬಳಿದು ತಿರುಗಿಸಿ ನೋಡ್ತೀವಿ. ನೀಲಿ ಎಲ್ಲಿ ಒರೆಸಿಹೋಗಿದೆಯೋ ಅಲ್ಲಿ ಹಲ್ಲು ಹಲ್ಲಿಗೆ ತಾಗುತ್ತೆ ಅಂತ ಲೆಕ್ಕ. ಆ ಗುರುತು ಹಲ್ಲಿನ ಮಧ್ಯಕ್ಕೆ ಬರೋವರೆಗೆ ಶಿಮ್ ಹಾಕ್ತಾ ತೆಗೀತಾ ಇರಬೇಕು. ಅಲ್ಲೇ ಗೊತ್ತಾಗುತ್ತೆ, ಪಿನಿಯನ್ ಹಲ್ಲು ಕ್ರೌನ್ ಮೇಲೆ ಬರೀ ಉರುಳಲ್ಲ. ಉದ್ದಕ್ಕೂ ಉಜ್ಜಿಕೊಂಡು ಹೋಗುತ್ತೆ.

ಹುಡುಗಿ: ಪಿನಿಯನ್ ಅಕ್ಷ ಕ್ರೌನ್ ಅಕ್ಷಕ್ಕಿಂತ ಕೆಳಗಿರೋದರಿಂದ ಅದು. ಹೈಪಾಯ್ಡ್ ಜೋಡಿ. 1920ರ ದಶಕದಲ್ಲಿ ಪ್ಯಾಕಾರ್ಡ್ ಕಂಪನಿಯವರು ಇದನ್ನು ಕಾರಿಗೆ ತಂದ್ರು. ಪ್ರೊಪೆಲ್ಲರ್ ಶಾಫ್ಟ್ ಕೆಳಗಿಳೀತು, ಕಾರಿನ ನೆಲ ತಗ್ಗಿತು, ಹಲ್ಲು ದಪ್ಪವಾಯ್ತು, ಸದ್ದು ಕಡಿಮೆಯಾಯ್ತು. ಆದರೆ ಅಷ್ಟು ಒತ್ತಡದಲ್ಲಿ ಉಜ್ಜುವಾಗ ಸಾದಾ ಆಯಿಲ್ ಪದರ ಹರಿದುಹೋಗುತ್ತೆ. ಆಗ ಬಿಸಿಗೆ ಗಂಧಕ ಉಕ್ಕಿನ ಮೇಲ್ಮೈ ಜೊತೆ ಸೇರಿ ಕಬ್ಬಿಣದ ಸಲ್ಫೈಡ್ ಪದರ ಕಟ್ಟುತ್ತೆ. ಹಲ್ಲಿನ ಬದಲು ಆ ಪದರ ಸವೆಯುತ್ತೆ, ಮತ್ತೆ ಕಟ್ಟುತ್ತೆ. ಗೇರ್ ಆಯಿಲ್ ಡಬ್ಬಿ ತೆರೆದ ಕೂಡಲೇ ಹೊಡೆಯೋ ವಾಸನೆ ಅದೇ ಗಂಧಕದ್ದು.

ಚಿಕ್ಕಪ್ಪ: ಆ ವಾಸನೆ ಬಟ್ಟೆಗೆ ಹತ್ತಿದ್ರೆ ಮೂರು ಒಗೆತಕ್ಕೂ ಹೋಗಲ್ಲ. ಇನ್ನೊಂದು ಕೇಳ್ತೀನಿ. ಎಂಜಿನ್‌ಗೆ 40 ನಂಬರ್ ಹಾಕ್ತೀವಿ, ಇದು 90. ಅಂದ್ರೆ ಎರಡರಷ್ಟು ಮಂದ ಅಂತ ಎಲ್ಲರೂ ಅನ್ಕೊಂಡಿದ್ದಾರೆ.

ಹುಡುಗಿ: ಎರಡೂ ಬೇರೆ ಬೇರೆ ಅಳತೆಗೋಲು. ಗೇರ್ ಆಯಿಲ್ 90 ಅಂದ್ರೆ ನೂರು ಡಿಗ್ರಿಯಲ್ಲಿ 13.5ರಿಂದ 18.5 ಸೆಂಟಿಸ್ಟೋಕ್. ಎಂಜಿನ್ ಆಯಿಲ್ 40 ಅಂದ್ರೆ 12.5ರಿಂದ 16.3. ಎಷ್ಟು ಹತ್ತಿರ ಇದೆ ನೋಡಿ. ಕಲಸಿಹೋಗದಿರಲಿ ಅಂತಲೇ ಗೇರ್ ಆಯಿಲಿಗೆ ದೊಡ್ಡ ನಂಬರ್ ಕೊಟ್ಟಿದ್ದಾರೆ. ಇಲ್ಲಿ ನನಗೆ ಮುಖ್ಯ 90 ಅಲ್ಲ, ಅದರ ಹಿಂದಿನ 75ಡಬ್ಲ್ಯು. ಮಿಷಿಗನ್ ಚಳಿಗಾಲದಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಹೋಗೋ ರಾತ್ರಿಗಳಿರುತ್ತವೆ. ಚಳಿಗೆ ಆಯಿಲ್ ಎಷ್ಟು ಗಟ್ಟಿಯಾಗಬಹುದು ಅನ್ನೋದಕ್ಕೆ ಈ ನಂಬರ್‌ಗಳನ್ನು ಗೊತ್ತುಮಾಡೋ ಎಸ್‌ಎಇ ಸಂಸ್ಥೆಯವರು ಒಂದು ಗೆರೆ ಎಳೆದಿದ್ದಾರೆ, 1,50,000 ಸೆಂಟಿಪಾಯಿಸ್. ಅದು ಸುಮ್ಮನೆ ಹಾಕಿದ ಗೆರೆಯಲ್ಲ. ಒಂದು ಬಗೆಯ ಹಿಂದಿನ ಆಕ್ಸಲ್‌ ಪರೀಕ್ಷೆ ಮಾಡಿದಾಗ ಅದಕ್ಕಿಂತ ಗಟ್ಟಿಯಾದ ಆಯಿಲ್ ಪಿನಿಯನ್ ಬೇರಿಂಗಿಗೆ ಹರಿದು ಬರದೆ ಬೇರಿಂಗ್ ಹಾಳಾಯ್ತು. 75ಡಬ್ಲ್ಯು ಆಯಿಲ್ ಆ ಗೆರೆ ಮುಟ್ಟದೆ ಮೈನಸ್ 40ರವರೆಗೆ ತಡೀಬೇಕು. 80ಡಬ್ಲ್ಯು ಮೈನಸ್ 26ರವರೆಗೆ, 85ಡಬ್ಲ್ಯು ಬರೀ ಮೈನಸ್ 12ರವರೆಗೆ.

ಚಿಕ್ಕಪ್ಪ: ಬೆಂಗಳೂರಲ್ಲಿ ಇದು ಯಾರಿಗೂ ಬೇಡ. ಡಿಸೆಂಬರ್ ಚಳಿಗೆ ಸ್ವೆಟರ್ ಹಾಕ್ಕೊಂಡು ಬರೋ ಗಾಡಿಗೂ 80ಡಬ್ಲ್ಯು-90 ಸಾಕು. ನಿನ್ನ 75ಡಬ್ಲ್ಯು ಥರದ ಸಿಂಥೆಟಿಕ್‌ಗೆ ಎರಡು ಮೂರು ಪಟ್ಟು ಕೊಟ್ಟು ಐದು ವರ್ಷ ಬಿಡೋದಕ್ಕಿಂತ, ಸಾದಾ ಆಯಿಲ್ ಹಾಕಿ ಎರಡು ವರ್ಷಕ್ಕೊಂದು ಸಲ ಬದಲಾಯಿಸೋದೇ ನಾನು ಹೇಳೋದು. ಹಳೇ ಆಯಿಲ್ ಜೊತೆಗೆ ಸವೆದ ಲೋಹವೂ ಆಚೆ ಹೋಗುತ್ತೆ.

ಹುಡುಗಿ: ಅಲ್ಲಿಗೆ ಅದು ಸರಿ. ಇಲ್ಲಿ ಜನವರಿ ಬೆಳಿಗ್ಗೆ ಸಾದಾ ಆಯಿಲ್ ಹಾಕಿದ ಗೇರ್‌ಬಾಕ್ಸಿನಲ್ಲಿ ಲಿವರ್ ಅಲ್ಲಾಡಲ್ಲ. ನಾನು ಸಿಂಥೆಟಿಕ್ ಬಿಡಲ್ಲ ಚಿಕ್ಕಪ್ಪ.

ಚಿಕ್ಕಪ್ಪ: ಬಿಡಬೇಡ. ಬದಲಾಯಿಸೋದನ್ನೂ ಬಿಡಬೇಡ. ಈ ಟಾರ್ಸೆನ್‌ಗೆ ಬೇರೆ ಏನಾದ್ರೂ ಸೇರಿಸಬೇಕಾ? ಲಿಮಿಟೆಡ್ ಸ್ಲಿಪ್ ಅಂದ್ರೆ ಒಂದು ಚಿಕ್ಕ ಬಾಟಲಿ ಬೆರೆಸ್ತಾರೆ ಅಂತ ಕೇಳಿದೀನಿ.

ಹುಡುಗಿ: ಅದು ಕ್ಲಚ್ ಪ್ಲೇಟ್ ಇರೋ ಡಿಫರೆನ್ಷಿಯಲ್‌ಗೆ. ತಿರುವಿನಲ್ಲಿ ಆ ಪ್ಲೇಟುಗಳು ಹಿಡಿದು ಬಿಟ್ಟು ಹಿಡಿದು ಬಿಟ್ಟು ಗಡಗಡ ಅನ್ನುತ್ತವೆ. ಅದನ್ನು ನಯ ಮಾಡೋಕೆ ಫ್ರಿಕ್ಷನ್ ಮಾಡಿಫೈಯರ್. ಟಾರ್ಸೆನ್‌ನಲ್ಲಿ ಪ್ಲೇಟೇ ಇಲ್ಲ, ಬರೀ ಗೇರು. ಆ ಗೇರುಗಳು ತಮ್ಮ ಮನೆಯ ಗೋಡೆಗೆ ಒತ್ತಿ ಉಜ್ಜೋದರಿಂದಲೇ ಜಾರೋ ಚಕ್ರದಿಂದ ಹಿಡಿತ ಇರೋ ಚಕ್ರಕ್ಕೆ ಬಲ ಹೋಗೋದು. ಅಲ್ಲಿ ಘರ್ಷಣೆ ಕಡಿಮೆ ಮಾಡಿದ್ರೆ ಅದಕ್ಕೆ ಕೊಟ್ಟ ಹಣವೇ ದಂಡ. ಅದಕ್ಕೇ ಬರೀ ಜಿಎಲ್-5 ಸಾಕು. ಇದೇ ಮಿಯಾಟಾದ ಮೊದಲ 1.6 ಲೀಟರ್ ಕಾರುಗಳಲ್ಲಿ ವಿಸ್ಕಸ್ ಬಗೆಯದ್ದು ಇತ್ತು, ಅದರೊಳಗಿನ ಸಿಲಿಕೋನ್ ದ್ರವ ಸೀಲಾಗಿರುತ್ತೆ. ಅದಕ್ಕೆ ನಾವು ಏನೂ ಸೇರಿಸೋ ಹಾಗಿಲ್ಲ. ಒಂದೇ ಹೆಸರಿನ ಕಾರು, ವರ್ಷ ನೋಡದೆ ಬಾಟಲಿ ಕೊಳ್ಳಬಾರದು.

ಚಿಕ್ಕಪ್ಪ: ಜಾರೋದು, ಹಿಡಿಯೋದು ಎರಡನ್ನೂ ಅಳತೆಗೆ ತರೋದು ಸುಲಭದ ಕೆಲಸವಲ್ಲ.

ಹುಡುಗಿ: ಒಂದು ಕಾಲದಲ್ಲಿ ಅದಕ್ಕಾಗಿ ತಿಮಿಂಗಿಲ ಕೊಲ್ತಿದ್ರು. ಸ್ಪರ್ಮ್ ತಿಮಿಂಗಿಲದ ಎಣ್ಣೆಗೆ ಗಂಧಕ ಸೇರಿಸಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್‌ಗೆ, ಗೇರ್ ಆಯಿಲ್‌ಗೆ ಬೆರೆಸ್ತಿದ್ರು. ಬಿಸಿ ತಡೀತಿತ್ತು, ಕ್ಲಚ್‌ಗಳು ನಯವಾಗಿ ಹಿಡೀತಿದ್ವು. 1970ರಲ್ಲಿ ಅಮೆರಿಕ ಆ ತಿಮಿಂಗಿಲವನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿದ ಮೇಲೆ ಎಣ್ಣೆ ಬರೋದು ನಿಂತಿತು. ಆಯಿಲ್ ಕಂಪನಿಗಳು ಬದಲಿಗಾಗಿ ಪರದಾಡಿದ್ವು. ಮರುಭೂಮಿಯಲ್ಲಿ ಬೆಳೆಯೋ ಜೊಜೊಬಾ ಗಿಡದ ಬೀಜದ ಎಣ್ಣೆಯಿಂದ ಹಿಡಿದು ಕಾರ್ಖಾನೆಯಲ್ಲಿ ತಯಾರಿಸಿದ ರಾಸಾಯನಿಕಗಳವರೆಗೆ ಎಲ್ಲವನ್ನೂ ನೋಡಿದ್ರು. ಒಂದು ಕಾನೂನು ಬಂದದ್ದು ಅಷ್ಟು ದೊಡ್ಡ ಪ್ರಾಣಿಯ ಉಳಿವಿಗೂ ನೆರವಾಯ್ತು, ಆಯಿಲೂ ಕೊನೆಗೆ ಸುಧಾರಿಸಿತು. ಇದನ್ನು ಓದಿದಾಗ ನನಗೆ ತುಂಬ ಸಮಾಧಾನವಾಯ್ತು.

ಚಿಕ್ಕಪ್ಪ: ತಿಮಿಂಗಿಲದ ಎಣ್ಣೆ! ಈ ಕಸುಬಲ್ಲಿ ಇಷ್ಟು ವರ್ಷ ಇದ್ದು ಇದನ್ನು ಈಗ ಕೇಳ್ತಿದೀನಿ. ಸರಿ, ಕಾರಿನ ಕೆಳಗೆ ಹೋಗೋಣ. ಡ್ರೈನ್ ಬೋಲ್ಟಿಗೆ ಯಾಕೆ ಸ್ಪ್ಯಾನರ್ ಹಾಕ್ತಿದೀಯ? ತಡಿ. ಮೊದಲು ಮೇಲಿನ ಫಿಲ್ಲಿಂಗ್ ಬೋಲ್ಟ್ ಸಡಿಲ ಮಾಡು.

ಹುಡುಗಿ: ಹಳೇದು ಇಳೀಲಿ ಅಂತ.

ಚಿಕ್ಕಪ್ಪ: ಇಳಿಸಿದ ಮೇಲೆ ಮೇಲಿನ ಬೋಲ್ಟ್ ತುಕ್ಕು ಹಿಡಿದು ಬಿಚ್ಚದೇ ಹೋದ್ರೆ? ಹೊಸದನ್ನು ಎಲ್ಲಿಂದ ತುಂಬಿಸ್ತೀಯ? ಗಾಡಿ ಇಲ್ಲೇ ನಿಲ್ಲುತ್ತೆ. ನನ್ನ ಹತ್ತಿರ ಕೆಲಸ ಕಲಿತ ಹುಡುಗರಿಗೆ ಮೊದಲ ಪಾಠ ಇದೇ. ಗಾಡಿ ಸ್ವಲ್ಪ ಓಡಿಸಿ ಬಂದಿರಬೇಕು, ಆಯಿಲ್ ಬೆಚ್ಚಗಿರಬೇಕು, ಮೇಲಿನದ್ದು ಬಿಚ್ಚಿದ ಮೇಲೆ ಕೆಳಗಿನದ್ದು. ಈಗ ಆ ಡ್ರೈನ್ ಬೋಲ್ಟ್ ಇಲ್ಲಿ ಕೊಡು. ತುದಿಯಲ್ಲಿ ಅಯಸ್ಕಾಂತ ಇದೆ, ನೋಡು.

ಹುಡುಗಿ: ಬೂದು ಬಣ್ಣದ ಕೆಸರು ಮೆತ್ತಿದೆ.

ಚಿಕ್ಕಪ್ಪ: ಹೆಬ್ಬೆರಳಿಗೆ ತಗೊಂಡು ತೋರುಬೆರಳಲ್ಲಿ ಉಜ್ಜು. ಏನಾದ್ರೂ ಚುಚ್ಚುತ್ತಾ?

ಹುಡುಗಿ: ಇಲ್ಲ. ನುಣ್ಣಗಿದೆ.

ಚಿಕ್ಕಪ್ಪ: ಹಾಗಾದ್ರೆ ಇಷ್ಟು ವರ್ಷದ ಸಹಜ ಸವೆತ. ಚೂರು ಚುಚ್ಚಿದ್ರೆ ಹಲ್ಲು ಮುರಿದಿದೆ ಅಥವಾ ಬೇರಿಂಗ್ ಹೋಗಿದೆ ಅಂತ. ತಟ್ಟೆಗೆ ಬಿದ್ದ ಆಯಿಲನ್ನು ಬಿಸಿಲಿಗೆ ಹಿಡಿದು ನೋಡು. ಹಳದಿ ಮಿನುಗು ಇದ್ರೆ ಸಿಂಕ್ರೋ ಹಿತ್ತಾಳೆ, ಅದನ್ನು ಅಯಸ್ಕಾಂತ ಹಿಡಿಯಲ್ಲ.

ಹುಡುಗಿ: ಸ್ವಲ್ಪ ಇದೆ. ತುಂಬಾ ಇಲ್ಲ.

ಚಿಕ್ಕಪ್ಪ: ಸ್ವಲ್ಪ ಇರುತ್ತೆ. ನಿನ್ನ ರಿಂಗ್ ಇನ್ನೂ ಬದುಕಿದೆ. ಹೊಸ ವಾಷರ್ ಹಾಕಿ ಬೋಲ್ಟ್ ಬಿಗಿ ಮಾಡು. ಕಾರು ಮಟ್ಟವಾಗಿ ನಿಂತಿರಲಿ, ಫಿಲ್ಲಿಂಗ್ ತೂತಿನ ತುಟಿಯಿಂದ ಆಯಿಲ್ ತೊಟ್ಟಿಕ್ಕೋವರೆಗೆ ತುಂಬಿಸು.

ಹುಡುಗಿ: ಇನ್ನೊಂದು ಜಾಗ ಇದೆ. ಮೇಲೆ ಲಿವರ್ ಬುಡದಲ್ಲಿ ಒಂದು ಪುಟ್ಟ ಬಾವಿ, ಗೇರ್‌ಬಾಕ್ಸ್ ಆಯಿಲಿಗೂ ಅದಕ್ಕೂ ಸಂಬಂಧ ಇಲ್ಲ. ನೂರು ಮಿಲಿಲೀಟರಿಗಿಂತ ಕಡಿಮೆ ಹಿಡಿಯುತ್ತೆ. ಲಿವರಿನ ಗುಂಡು ಅದರೊಳಗೆ ಮುಳುಗಿ ಆಡಬೇಕು. ಮೇಲಿನ ರಬ್ಬರ್ ಬೂಟ್ ಹರಿದಿದೆ ನೋಡಿ, ಅಂಚು ಪೂರ್ತಿ ಬಿಟ್ಟುಕೊಂಡಿದೆ. ಬಾವಿ ಬಹುತೇಕ ಒಣಗಿದೆ, ತಳದಲ್ಲಿ ಕಪ್ಪು ಅಂಟು. ಕೆಳಗಿನ ಬಿಸಿಗಾಳಿ ಈ ಹರಕಿನಿಂದಲೇ ಸೀಟಿನ ಹತ್ತಿರ ಬರ್ತಿತ್ತು.

ಚಿಕ್ಕಪ್ಪ: ಇಷ್ಟು ದಿನ ಎರಡು ಲೀಟರಿನ ಚಿಂತೆ ಮಾಡಿ ಈ ಅರ್ಧ ಲೋಟ ನೋಡದಿದ್ರೆ ಲಿವರ್ ಹೇಗೆ ನಯವಾಗುತ್ತೆ? ಇದನ್ನು ಸಿರಿಂಜಿನಲ್ಲಿ ಎಳೆದು ಚೊಕ್ಕ ಮಾಡಿ ಹೊಸದು ಹಾಕು. ಬೂಟು ಇವತ್ತೇ ಬದಲಾಗಬೇಕು.

ಹುಡುಗಿ: ತಂದಿದೀನಿ. ಇನ್ನು ಉಳಿದಿರೋದು ಕೂಲಂಟ್. ನನಗೆ ಎಲ್ಲಕ್ಕಿಂತ ತಲೆನೋವು ಇದೇ.

ಚಿಕ್ಕಪ್ಪ: ರೇಡಿಯೇಟರ್ ಮೇಲಿನ ಟ್ಯಾಂಕ್ ಬಣ್ಣ ನೋಡಿದೆಯಾ?

ಹುಡುಗಿ: ಕಂದು. ಸ್ವಲ್ಪ ಹಸಿರು ಛಾಯೆ.

ಚಿಕ್ಕಪ್ಪ: ಹೊಸದಿದ್ದಾಗ ಅದು ಕಪ್ಪು. ಬಿಸಿಗೆ ಪ್ಲಾಸ್ಟಿಕ್ ಬೆಂದು ಈ ಬಣ್ಣಕ್ಕೆ ಬಂದಿದೆ. ಇನ್ನು ಯಾವತ್ತು ಬೇಕಾದ್ರೂ ಬಿರುಕು ಬಿಡುತ್ತೆ. ಈ ರೇಡಿಯೇಟರಿಗೆ ಯಾವ ದುಬಾರಿ ಕೂಲಂಟ್ ಹಾಕಿದ್ರೂ ದಾರಿಯಲ್ಲಿ ಚೆಲ್ಲುತ್ತೆ. ಮೊದಲು ರೇಡಿಯೇಟರ್, ಹೋಸು, ಮುಚ್ಚಳ, ಥರ್ಮೋಸ್ಟಾಟ್. ಆಮೇಲೆ ಕೂಲಂಟ್.

ಹುಡುಗಿ: ಆರ್ಡರ್ ಮಾಡ್ತೀನಿ. ಎಷ್ಟು ಬೆರೆಸೋದು ಅನ್ನೋದಾದ್ರೆ ಅರ್ಧ ಎಥಿಲೀನ್ ಗ್ಲೈಕಾಲ್, ಅರ್ಧ ನೀರು. ಅದು ಮೈನಸ್ 37ರವರೆಗೆ ಹೆಪ್ಪುಗಟ್ಟಲ್ಲ. ಇಲ್ಲೂ ಜನ ದೊಡ್ಡ ನಂಬರಿನ ಬುದ್ಧಿ ತೋರಿಸ್ತಾರೆ, ಚಳಿ ಜಾಸ್ತಿ ಅಂತ ಪೂರ್ತಿ ಗ್ಲೈಕಾಲ್ ಸುರೀತಾರೆ. ನೀರಿಲ್ಲದ ಗ್ಲೈಕಾಲ್ ಮೈನಸ್ 13ಕ್ಕೇ ಗಟ್ಟಿಯಾಗುತ್ತೆ!

ಚಿಕ್ಕಪ್ಪ: ನಮ್ಮಲ್ಲಿ ಇದರ ಉಲ್ಟಾ. ಹಿಮ ಇಲ್ಲ, ಕೂಲಂಟ್ ಯಾಕೆ ಅಂತ ಬರೀ ಬೋರ್‌ವೆಲ್ ನೀರು. ಬೆಂಗಳೂರಿನ ಎತ್ತರಕ್ಕೆ ತೆರೆದ ಪಾತ್ರೆಯಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ಮುಚ್ಚಳ ಒತ್ತಡ ಹಿಡಿದಿರೋದರಿಂದ ನಡೀತಿರುತ್ತೆ. ಮುಚ್ಚಳದ ರಬ್ಬರ್ ಹೋಯ್ತು ಅಂದ್ರೆ ಘಾಟ್ ಹತ್ತುವಾಗ ಗಾಡಿ ಹೊಗೆ ಎಬ್ಬಿಸಿ ನಿಲ್ಲುತ್ತೆ.

ಹುಡುಗಿ: ಅರ್ಧರ್ಧ ಬೆರಕೆಗೆ 15 ಪಿಎಸ್‌ಐ ಮುಚ್ಚಳ ಇದ್ರೆ ಕುದಿಯೋದು ಸುಮಾರು 129 ಡಿಗ್ರಿಗೆ. ಆದರೆ ಬೋರ್‌ವೆಲ್ ನೀರಿನ ಕೇಡು ಕುದಿಯೋದಕ್ಕಿಂತ ದೊಡ್ಡದು. ಈ ಎಂಜಿನ್ನಿನ ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯುಮಿನಿಯಂ. ಎರಡು ಲೋಹ, ನಡುವೆ ಉಪ್ಪಿನಂಶದ ನೀರು ಅಂದ್ರೆ ಅಲ್ಯುಮಿನಿಯಂ ಕರಗೋಕೆ ಶುರು. ಅದನ್ನು ತಡೆಯೋದು ಕೂಲಂಟಿನಲ್ಲಿರೋ ತುಕ್ಕುನಿರೋಧಕಗಳು. ನಿಜವಾದ ಆಯ್ಕೆ ಇರೋದು ಅವುಗಳಲ್ಲೇ. ಹಳೇ ಹಸಿರು ಕೂಲಂಟಿನಲ್ಲಿ ಸಿಲಿಕೇಟ್. ಬೇಗ ಪದರ ಕಟ್ಟುತ್ತೆ, ಎರಡು ವರ್ಷದಲ್ಲಿ ಮುಗಿದುಹೋಗುತ್ತೆ. 1990ರ ದಶಕದ ನಡುವಿನಿಂದ ಬಂದ ಸಾವಯವ ಆಮ್ಲದ ಬಗೆ ಐದು ವರ್ಷ ಬರುತ್ತೆ. ಯೂರೋಪಿನವರು ಫಾಸ್ಫೇಟ್ ಬೇಡ ಅಂತಾರೆ, ಗಡುಸು ನೀರಿನ ಸುಣ್ಣದ ಜೊತೆ ಸೇರಿ ಪಾಚಿಗಟ್ಟಿದ ಹಾಗೆ ಕೂರುತ್ತೆ ಅಂತ. ಜಪಾನಿನವರು ಫಾಸ್ಫೇಟ್ ಹಾಕ್ತಾರೆ, ಸಿಲಿಕೇಟ್ ಬಿಡ್ತಾರೆ, ವಾಟರ್ ಪಂಪಿನ ಸೀಲ್ ಸವೆಯುತ್ತೆ ಅಂತ. ಇದು ಜಪಾನಿನ ಕಾರು. ಹಾಗಾಗಿ ಫಾಸ್ಫೇಟ್ ಇರೋ, ಸಿಲಿಕೇಟ್ ಇಲ್ಲದ ಬಗೆಯೇ ನನ್ನ ಆಯ್ಕೆ, ಜೊತೆಗೆ ಡಿಸ್ಟಿಲ್ಡ್ ವಾಟರ್.

ಚಿಕ್ಕಪ್ಪ: ನಮ್ಮ ಬೋರ್‌ವೆಲ್ ನೀರಿಗೆ ಅದೇ ಫಾಸ್ಫೇಟ್ ಬೆರೆಸಿದ್ರೆ?

ಹುಡುಗಿ: ಸುಣ್ಣ ಕಟ್ಟುತ್ತೆ. ಒಳ್ಳೆಯ ಕೂಲಂಟೇ ಆ ನೀರಲ್ಲಿ ರೇಡಿಯೇಟರಿನ ಸಣ್ಣ ನಳಿಕೆಗಳನ್ನು ಮುಚ್ಚುತ್ತೆ. ಬೆಂಗಳೂರಲ್ಲಿ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಎಲ್ಲ ಪೆಟ್ರೋಲ್ ಬಂಕಿನ ಹತ್ತಿರವೂ ಸಿಗುತ್ತಲ್ಲ, ಅದನ್ನೇ ಬಳಸಬೇಕು.

ಚಿಕ್ಕಪ್ಪ: ಬಣ್ಣ ನೋಡಿ ಟಾಪ್ ಅಪ್ ಮಾಡೋರಿದ್ದಾರೆ, ಹಸಿರಿಗೆ ಹಸಿರು, ಕೆಂಪಿಗೆ ಕೆಂಪು.

ಹುಡುಗಿ: ಬಣ್ಣಕ್ಕೆ ಯಾವ ನಿಯಮವೂ ಇಲ್ಲ. ಯಾವ ಕಂಪನಿ ಯಾವ ಬಣ್ಣ ಬೇಕಾದ್ರೂ ಹಾಕಬಹುದು. ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಬೇಕು. ಇನ್ನೊಂದು ಯೋಚನೆಯೂ ಇದೆ, ಜೂನ್‌ನಲ್ಲಿ ಸೌತ್ ಹೇವನ್ ಹತ್ತಿರದ ಜಿಂಜರ್‌ಮ್ಯಾನ್ ರೇಸ್ ಟ್ರ್ಯಾಕಿಗೆ ಹೋಗ್ತಿದೀನಿ. ಎಷ್ಟೋ ರೇಸ್‌ಗಳಲ್ಲಿ ಗ್ಲೈಕಾಲ್ ಹಾಕಿದ ಕಾರನ್ನು ಒಳಗೆ ಬಿಡಲ್ಲ. ಚೆಲ್ಲಿದ್ರೆ ರಸ್ತೆ ಜಾರುತ್ತೆ, ಬೇಗ ಆರೋದೂ ಇಲ್ಲ. ಅಲ್ಲಿ ಬರೀ ನೀರಿಗೆ ತುಕ್ಕುನಿರೋಧಕ ಸೇರಿಸ್ತಾರೆ. ತಂಪು ಮಾಡೋದರಲ್ಲಿ ನೀರೇ ಮುಂದೆ. ಒಂದು ಕಿಲೋ ನೀರು ಒಂದು ಡಿಗ್ರಿ ಏರೋಕೆ 4.2 ಕಿಲೋಜೌಲ್ ಬೇಕು, ಅರ್ಧರ್ಧ ಬೆರಕೆಗೆ ಸುಮಾರು 3.5.

ಚಿಕ್ಕಪ್ಪ: ನವೆಂಬರಿನಲ್ಲಿ ಮತ್ತೆ ತೆಗೆಯೋದು ಮರೆತ್ರೆ?

ಹುಡುಗಿ: ಬ್ಲಾಕ್ ಬಿರಿಯುತ್ತೆ. ಅದಕ್ಕೇ ನಾನು ನೀರಿಗೆ ಹೋಗಲ್ಲ. ನನ್ನದು ರೇಸ್ ಅಲ್ಲ, ಅಭ್ಯಾಸದ ದಿನ ಅಷ್ಟೇ. ಅಲ್ಲಿ ಗ್ಲೈಕಾಲ್ ನಡೆಯುತ್ತಾ ಅಂತ ಕೇಳಿಕೊಂಡೇ ಹೋಗ್ತೀನಿ. ಬಿಸಿಲಲ್ಲಿ ಸತತವಾಗಿ ಜೋರಾಗಿ ಓಡಿಸೋರಿಗೆ ಈ ಎಂಜಿನ್ನಿನಲ್ಲಿ ಬೇರೆ ತೊಂದರೆ ಇದೆ. ಇದನ್ನು ಮೊದಲು ಮಾಡಿದ್ದು ಮುಂದಿನ ಚಕ್ರ ಎಳೆಯೋ 323 ಕಾರಿಗೆ, ಅಡ್ಡ ಕೂರಿಸೋಕೆ. ನೀರು ಪಂಪಿನ ಕಡೆಯಿಂದ ಹೊರಟು ನಾಲ್ಕೂ ಸಿಲಿಂಡರ್ ದಾಟಿ ಇನ್ನೊಂದು ತುದಿಯಲ್ಲಿ ಆಚೆ ಬರ್ತಿತ್ತು. ಮಿಯಾಟಾದಲ್ಲಿ ಉದ್ದಕ್ಕೆ ಕೂರಿಸಿದಾಗ ಆ ತುದಿ ಕ್ಯಾಬಿನ್ ಗೋಡೆಗೆ ಬಂತು. ಜಾಗ ಇಲ್ಲ ಅಂತ ನೀರು ಆಚೆ ಬರೋ ದಾರಿಯನ್ನೂ ಮುಂದಕ್ಕೇ ತಂದ್ರು. ಹಿಂದಿನ ನಾಲ್ಕನೇ ಸಿಲಿಂಡರಿಗೆ ಹರಿವು ಕಮ್ಮಿಯಾಯ್ತು. ಟರ್ಬೊ ಹಾಕೋರು, ರೇಸ್ ಓಡೋರು ಪೈಪ್ ಬದಲಿಸಿ ನೀರನ್ನು ಮತ್ತೆ ಹಿಂದಿನಿಂದ ತೆಗೀತಾರೆ.

ಚಿಕ್ಕಪ್ಪ: ಅಂದ್ರೆ ಅದು ಕೂಲಂಟಿಂದ ಸರಿಯಾಗೋ ಕಾಯಿಲೆ ಅಲ್ಲ. ದಾರಿ ಸರಿಯಿಲ್ಲದಿದ್ರೆ ಯಾವ ಬಾಟಲಿ ಸುರಿದೂ ಪ್ರಯೋಜನವಿಲ್ಲ. ನೀನು ದಿನಾ ಓಡಿಸೋ ಗಾಡಿಗೆ ಅದು ಬೇಡ. ಹೊಸ ರೇಡಿಯೇಟರ್, ಅರ್ಧರ್ಧ ಬೆರಕೆ, ಒಳಗೆ ಗಾಳಿ ಉಳೀದ ಹಾಗೆ ಮೂತಿ ಮೇಲೆತ್ತಿ ತುಂಬಿಸು. ಸಾಕು.

ಹುಡುಗಿ: ಹಳೇ ಗೇರ್ ಆಯಿಲನ್ನು ಇಲ್ಲಿ ಪಾರ್ಟ್ಸ್ ಅಂಗಡಿಯವರು ತಗೊಳ್ತಾರೆ. ಅದಕ್ಕೆ ಕೂಲಂಟ್ ಬೆರೆತಿದ್ರೆ ಮಾತ್ರ ತಗೊಳ್ಳಲ್ಲ. ಅದಕ್ಕೇ ಎರಡು ತಟ್ಟೆ ಇಟ್ಟಿದೀನಿ. ಕೂಲಂಟನ್ನು ಕೌಂಟಿಯವರು ಅಪಾಯಕಾರಿ ಕಸ ತಗೊಳ್ಳೋ ದಿನ ಕೊಡಬೇಕು.

ಚಿಕ್ಕಪ್ಪ: ನಮ್ಮಲ್ಲಿ ಮೋರಿಗೆ.

ಹುಡುಗಿ: ಅದನ್ನು ನಿಲ್ಲಿಸಬೇಕು ಚಿಕ್ಕಪ್ಪ. ಗ್ಲೈಕಾಲ್ ಸಿಹಿ. ನಾಯಿ ನೆಕ್ಕುತ್ತೆ, ಮಗು ಬಾಯಿಗಿಡುತ್ತೆ. ಮೈಯೊಳಗೆ ಅದು ಆಕ್ಸಾಲಿಕ್ ಆಮ್ಲವಾಗಿ, ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗಿ ಮೂತ್ರಪಿಂಡ ಕೆಡಿಸುತ್ತೆ. ಅಮೆರಿಕದಲ್ಲಿ 2012ರಿಂದ ತಯಾರಕರೇ ಒಪ್ಪಿ ಕಹಿ ಬೆರೆಸ್ತಿದ್ದಾರೆ, ಆದರೂ ಅದು ವಿಷವೇ.

ಚಿಕ್ಕಪ್ಪ: ಊರಿಗೆ ಹೋದ ಮೇಲೆ ನಮ್ಮ ಹುಡುಗರಿಗೆ ಇದನ್ನು ಹೇಳ್ತೀನಿ. ಕೂಲಂಟ್ ಬದಲಾಯಿಸೋ ಪ್ರತಿಯೊಬ್ಬರಿಗೂ ಹೇಳಬೇಕು. ಹಳೇದನ್ನು ಮುಚ್ಚಳ ಇರೋ ಕ್ಯಾನಿಗೆ ಹಾಕಿ, ಮೇಲೆ ವಿಷ ಅಂತ ದಪ್ಪ ಅಕ್ಷರದಲ್ಲಿ ಬರೀರಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಕುಡಿಯೋ ನೀರಿನ ಬಾಟಲಿಗೆ ಮಾತ್ರ ಯಾವತ್ತೂ ತುಂಬಿಸಬೇಡಿ.